ಸೊನ್ನೆ, ಎರಡು, ನಾಲ್ಕು

ಫೆಬ್ರವರಿಯ ಬೆಳಗು. ಹತ್ತು ಗಂಟೆಯಾದರೂ ಮಂಜು ಹರಿದಿಲ್ಲ. ಫ್ರಾನ್ಸಿನ ಎಪರ್ನೇ ಪಟ್ಟಣ ಬಿಟ್ಟು ದಕ್ಷಿಣಕ್ಕೆ ಹೊರಟ ಕಾರು ಕ್ರಾಮಾಂ, ಅವೀಜ್, ಓಜೇ ಎಂಬ ಊರುಗಳನ್ನು ಒಂದಾದ ಮೇಲೊಂದು ದಾಟಿ ಲ ಮೆನಿಲ್ ಕಡೆ ಹೊರಳುತ್ತದೆ. ಬಲಗಡೆ ಪೂರ್ವಕ್ಕೆ ಮುಖ ಮಾಡಿದ ಇಳಿಜಾರು. ಅದರ ತುಂಬ ಎಲೆ ಉದುರಿದ ದ್ರಾಕ್ಷಿ ಬಳ್ಳಿ, ಹೆಕ್ಟೇರಿಗೆ ಸುಮಾರು 8,000ದ ಲೆಕ್ಕದಲ್ಲಿ ಒತ್ತೊತ್ತಾಗಿ ನೆಟ್ಟದ್ದು. ಅಲ್ಲಲ್ಲಿ ಹೊಗೆ ಏಳುತ್ತಿದೆ. ಕತ್ತರಿ ಹಿಡಿದ ಕೂಲಿಯವರು ಸವರಿದ ಕಡ್ಡಿಗಳನ್ನು ಸೀಳಿದ ಡ್ರಮ್ಮಿನ ಕೈಗಾಡಿಯಲ್ಲಿ ಸುಡುತ್ತ ಸಾಲಿನುದ್ದಕ್ಕೂ ನಡೆಯುತ್ತಿದ್ದಾರೆ. ಕಸವೂ ಕರಗಿತು, ಕೈಯೂ ಬೆಚ್ಚಗಾಯಿತು.

“ಇಲ್ಲಿ ವರ್ಷಕ್ಕ ಒಂದ ಚಾಟ್ನಿ ರೀ,” ಎಂದು ಕಡ್ಡಿ ಸವರುವವರತ್ತ ಕೈ ತೋರಿಸುತ್ತಾಳೆ ಕಾರು ಓಡಿಸುತ್ತಿರುವ ಹುಡುಗಿ. “ನಮ್ಮಲ್ಲೆ ಏಪ್ರಿಲ್‌ಗೊಂದು, ಅಕ್ಟೋಬರ್‌ಗೊಂದು. ಬಳ್ಳಿಗೆ ನಿದ್ದಿ ಅನ್ನೂದ ಇಲ್ಲ. ಇಲ್ಲಿ ನೋಡ್ರಿ, ಚಳಿಗಾಲ ಪೂರಾ ಸತ್ತಂಗ ಮಲಗತಾವ.”

ಆಕೆ ವಿಜಯಪುರದ ತಿಕೋಟಾ ಕಡೆಯವಳು. ಅಪ್ಪನದು ದ್ರಾಕ್ಷಿ ತೋಟ. ಹಣ್ಣು ಮಾರಿದ್ದಕ್ಕಿಂತ ಒಣಗಿಸಿ ಮಣೂಕ ಮಾಡಿ ಮಾರಿದ್ದೇ ಹೆಚ್ಚು. ಈಕೆ ಅವೀಜ್‌ನಲ್ಲಿ ವೈನ್ ಮಾಡುವ ವಿದ್ಯೆ ಕಲಿಯುತ್ತ, ಬಿಡುವಿನಲ್ಲಿ ಲ ಮೆನಿಲ್‌ನ ಒಬ್ಬ ಬೆಳೆಗಾರರ ನೆಲಮಾಳಿಗೆಯಲ್ಲಿ ದುಡಿಯುತ್ತಾಳೆ. ಇಂದು ಅಲ್ಲೊಂದು ತೀರ್ಮಾನ ಆಗಬೇಕಿದೆ. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕತ್ತಲಲ್ಲಿ ಮಲಗಿರುವ ಒಂದು ವೈನಿಗೆ ಎಷ್ಟು ಸಕ್ಕರೆ ಹಾಕಬೇಕು, ಅಥವಾ ಹಾಕಲೇಬಾರದೆ ಎಂಬುದು. ನೋಡಲು ನಿಮಗೂ ಅಪ್ಪಣೆ ಸಿಕ್ಕಿದೆ.

ಈ ಇಳಿಜಾರಿಗೆ ಕೋತ್ ದೆ ಬ್ಲಾಂ ಎಂದು ಹೆಸರು. ಶಾಂಪೇನ್ ಸೀಮೆಯ ಸುಮಾರು 34,000 ಹೆಕ್ಟೇರ್ ದ್ರಾಕ್ಷಿಯಲ್ಲಿ ಶಾರ್ಡೊನೇಯ ಪಾಲು ಹೆಚ್ಚುಕಡಿಮೆ ಹತ್ತರಲ್ಲಿ ಮೂರು. ಉಳಿದದ್ದು ಬಹುತೇಕ ಪಿನೋ ನ್ವಾರ್, ಮ್ಯೂನಿಯೇ ಎಂಬ ಕಪ್ಪು ಹಣ್ಣು. ಅವನ್ನೂ ಮೆಲ್ಲಗೆ ಹಿಂಡಿ ಬಿಳಿ ರಸ ತೆಗೆದು, ಹಲವು ಊರುಗಳ, ಹಲವು ವರ್ಷಗಳ ವೈನನ್ನು ಬೆರೆಸಿ ಹದ ಮಾಡುವುದು ಇಲ್ಲಿನ ವಾಡಿಕೆ. ಲ ಮೆನಿಲ್ ಸುತ್ತ ಮಾತ್ರ ಎತ್ತ ನೋಡಿದರೂ ಶಾರ್ಡೊನೇ. ಬರೀ ಬಿಳಿ ಹಣ್ಣಿನ ಶಾಂಪೇನಿಗೆ ಬ್ಲಾಂ ದ ಬ್ಲಾಂ ಎನ್ನುತ್ತಾರೆ. ನೀವು ರುಚಿ ನೋಡಲಿರುವುದು ಅಂಥದ್ದನ್ನೇ, ಅದೂ ಒಂದೇ ಊರಿನ, 2008ರ ಒಂದೇ ಸುಗ್ಗಿಯದ್ದು.

ಹೊಲದ ಬದಿಯಲ್ಲಿ ಅವಳು ಕಾರು ನಿಲ್ಲಿಸುತ್ತಾಳೆ. ಇಳಿದ ಕೂಡಲೇ ಬೂಟಿಗೆ ಬೂದು ಬಣ್ಣದ ಜಿಗುಟು ಮಣ್ಣು ಮೆತ್ತಿಕೊಳ್ಳುತ್ತದೆ. ಅದರೊಳಗಿಂದ ಒಂದು ಬಿಳಿ ಕಲ್ಲನ್ನು ಹೆಕ್ಕಿ ಡಾಂಬರಿನ ಮೇಲೆ ಗೀಚಿ ನೋಡಿ: ನೆಟ್ಟಗೆ ಗೆರೆ ಮೂಡುತ್ತದೆ. ಸೀಮೆಸುಣ್ಣ. ಡೈನೋಸಾರ್‌ಗಳ ಕಾಲದಲ್ಲಿ ಇಲ್ಲಿ ಸಮುದ್ರವಿತ್ತು. ಕಣ್ಣಿಗೆ ಕಾಣದ ಪಾಚಿಗಳ ಸುಣ್ಣದ ಕವಚ ಕೋಟ್ಯಂತರ ವರ್ಷ ತಳಕ್ಕೆ ಉದುರಿ ಉದುರಿ ಗಟ್ಟಿಯಾದ ನೆಲ ಇದು. ಒಂದು ಘನ ಮೀಟರ್ ಕಲ್ಲು 300ರಿಂದ 400 ಲೀಟರ್ ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ. ಮಳೆ ಹೆಚ್ಚಾದರೆ ಬೇರು ಕೊಳೆಯುವುದಿಲ್ಲ, ಕಡಿಮೆಯಾದರೆ ಒಣಗುವುದಿಲ್ಲ. ಈ ವೈನನ್ನು ಹೊಗಳುವವರೆಲ್ಲ ಸೀಮೆಸುಣ್ಣದ ರುಚಿ ಬರುತ್ತದೆ ಎನ್ನುತ್ತಾರೆ. ಕಲ್ಲಿನ ರುಚಿಯನ್ನು ಬೇರು ಹೀರಿ ಹಣ್ಣಿಗೆ ತಲುಪಿಸುತ್ತದೆ ಎಂಬುದನ್ನು ವಿಜ್ಞಾನ ಒಪ್ಪುವುದಿಲ್ಲ. ಒಪ್ಪದಿದ್ದರೂ ಲೋಟದಲ್ಲಿ ಆ ರುಚಿ ಇರುತ್ತದೆ ಎನ್ನುವುದು ಬೇರೆ ಮಾತು.

ಊರೊಳಗೆ ಹೋಗುವಾಗ ಒಂದು ಹಳೆಯ ಗೋಡೆ. ಅದರಾಚೆ ಕ್ಲೋ ದ್ಯು ಮೆನಿಲ್, 1.84 ಹೆಕ್ಟೇರಿನ ಒಂದೇ ತುಂಡು ತೋಟ. 1698ರಿಂದ ಗೋಡೆ ಇದೆ. 1971ರಲ್ಲಿ ಕ್ರುಗ್ ಮನೆತನದವರು ಕೊಂಡರು. 1979ರ ಸುಗ್ಗಿಯಿಂದ ಈ ತುಂಡಿನ ರಸವನ್ನಷ್ಟೇ ಬೇರೆಯಾಗಿ ಬಾಟಲಿಗೆ ತುಂಬಿಸಿದರು. ಅದಕ್ಕೂ ಎಷ್ಟೋ ಮೊದಲೇ ಇದೇ ಊರಿನ ಶಾರ್ಡೊನೇಯ ಮೇಲೆ ಪಣ ಕಟ್ಟಿದವರು ಎಮೆ ಸಲೋಂ. ತುಪ್ಪುಳ ಚರ್ಮದ ವ್ಯಾಪಾರದಲ್ಲಿ ದುಡ್ಡು ಮಾಡಿದ ಆಸಾಮಿ. ಬೆರಕೆಯೇ ಧರ್ಮವಾಗಿದ್ದ ನಾಡಿನಲ್ಲಿ ಒಂದೇ ಊರು, ಒಂದೇ ಹಣ್ಣು, ಒಂದೇ ವರ್ಷ ಎಂಬ ಹಟ ಹಿಡಿದು 1905ರಲ್ಲಿ ತನಗೂ ಗೆಳೆಯರಿಗೂ ಸಾಲುವಷ್ಟು ವೈನ್ ಮಾಡಿಕೊಂಡರು. ಮಾರಾಟಕ್ಕೆ ಇಳಿದದ್ದು ಆಮೇಲೆ. ಸುಗ್ಗಿ ಮನಸ್ಸಿಗೆ ಬರದ ವರ್ಷ ಆ ಹೆಸರಿನಲ್ಲಿ ವೈನೇ ಇಲ್ಲ. ಇಪ್ಪತ್ತನೆಯ ಶತಮಾನದುದ್ದಕ್ಕೂ ಸಲೋಂ ಹೊರಬಂದದ್ದು 37 ವರ್ಷಗಳಲ್ಲಿ ಮಾತ್ರ. ವ್ಯಾಪಾರಿಗೆ ಇಂಥ ಬುದ್ಧಿ ಬರುವುದು ಅಪರೂಪ.

ನೀವು ಹೊಕ್ಕ ಅಂಗಳಕ್ಕೆ ಅಂಥ ಹೆಸರೇನೂ ಇಲ್ಲ. ಒಂದು ಟ್ರ್ಯಾಕ್ಟರ್, ತೊಳೆದು ಬೋರಲು ಹಾಕಿದ ಕ್ರೇಟುಗಳು, ಬಾಗಿಲಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡು ನಿಂತಿರುವ ಯಜಮಾನರು. ಅರವತ್ತು ದಾಟಿದ ವಯಸ್ಸು. ಕೈ ಕುಲುಕುವಾಗ ಅಂಗೈಯ ಒರಟು ತಿಳಿಯುತ್ತದೆ. ಅವರಿಗೆ ಫ್ರೆಂಚ್ ಬಿಟ್ಟು ಬೇರೆ ಭಾಷೆ ಬಾರದು, ನಿಮಗೆ ಫ್ರೆಂಚ್ ಬಾರದು. ಹಾಗಾಗಿ ಇವತ್ತು ಶಾಂಪೇನಿನ ಈ ಮುದುಕರು ನಿಮ್ಮೊಡನೆ ವಿಜಯಪುರದ ಕನ್ನಡದಲ್ಲೇ ಮಾತಾಡುತ್ತಾರೆ.

“ಕಾಲ ನೋಡಕೋತ ಇಳೀಬೇಕಂತ್ರಿ. ಮೆಟ್ಟಲಾ ತೊಯ್ದಾವ.”

ಮೆಟ್ಟಿಲು ಇಳಿದಷ್ಟೂ ಹೊರಗಿನ ಚಳಿ ಹಿಂದೆ ಸರಿಯುತ್ತದೆ. ಕೆಳಗೆ ಬೇಸಿಗೆಯಿರಲಿ ಚಳಿಗಾಲವಿರಲಿ ಹತ್ತು ಹನ್ನೊಂದು ಡಿಗ್ರಿ. ಗೋಡೆ ಎಂದರೆ ಇಟ್ಟಿಗೆಯಲ್ಲ, ಅದೇ ಸೀಮೆಸುಣ್ಣದ ಬಂಡೆಯನ್ನು ಕೆತ್ತಿದ್ದು. ಮುಟ್ಟಿದರೆ ಬೆರಳ ತುದಿ ಬೆಳ್ಳಗಾಗಿ ಒದ್ದೆಯಾಗುತ್ತದೆ. ತೇವ, ಹಳೆಯ ಮರ, ಎಲ್ಲೋ ಹುಳಿತ ಹಣ್ಣಿನ ನಸು ವಾಸನೆ. ಎರಡೂ ಕಡೆ ಎದೆಮಟ್ಟಕ್ಕೆ ಬಾಟಲಿಗಳನ್ನು ಮಲಗಿಸಿ ಪೇರಿಸಿದ್ದಾರೆ, ನಡುನಡುವೆ ತೆಳ್ಳನೆಯ ಮರದ ಪಟ್ಟಿ. ಕಾರ್ಕ್ ಇಲ್ಲ, ತಂತಿ ಇಲ್ಲ, ಚಿನ್ನದ ಕಾಗದ ಇಲ್ಲ. ಬಾಯಿಗೆ ಬಿಯರ್ ಬಾಟಲಿಗೆ ಇರುವಂಥದ್ದೇ ತಗಡಿನ ಮುಚ್ಚಳ. ತುದಿಯಲ್ಲಿ ತೂಗುಬಿಟ್ಟ ಹಲಗೆಯ ಮೇಲೆ ಸೀಮೆಸುಣ್ಣದಲ್ಲೇ ಬರೆದಿದೆ: 2008.

ಆ ವರ್ಷ ಬೇಸಿಗೆ ಬೇಸಿಗೆಯಂತೆಯೇ ಇರಲಿಲ್ಲವಂತೆ. ಮೋಡ, ತಂಪು, ಬಳ್ಳಿಗೆ ಬೂಷ್ಟು ರೋಗದ ಕಾಟ. ಕೈಬಿಟ್ಟೆವು ಎನ್ನುವಷ್ಟರಲ್ಲಿ ಸೆಪ್ಟೆಂಬರ್ ಬಂತು. ಹಗಲು ಬಿಸಿಲು, ರಾತ್ರಿ ಕೊರೆಯುವ ತಂಪು, ಒಣಗಾಳಿ. ಹಣ್ಣಿಗೆ ಸಕ್ಕರೆ ಏರಿತು, ಹುಳಿ ಇಳಿಯಲಿಲ್ಲ. ಶಾಂಪೇನಿನವರು ಇಂದಿಗೂ 2008ರ ಮಾತು ಬಂದರೆ ದನಿ ತಗ್ಗಿಸುವುದು ಅದಕ್ಕೇ.

ಕೊಯ್ಲು ಕೈಯಿಂದಲೇ ಆಗಬೇಕು, ಇಲ್ಲಿ ಅದು ಕಾನೂನು. ಗಾಣಕ್ಕೆ ಒಮ್ಮೆಗೆ 4,000 ಕಿಲೋ ಹಣ್ಣು ಹಾಕಿದರೆ 2,550 ಲೀಟರಿಗಿಂತ ಹೆಚ್ಚು ರಸ ತೆಗೆಯುವಂತಿಲ್ಲ. ಅದರಲ್ಲೂ ಮೊದಲ 2,050 ಲೀಟರಿಗೇ ಮರ್ಯಾದೆ. ಆ ರಸ ಹುಳಿತು ಮೊದಲು ಸಾದಾ ವೈನಾಗುತ್ತದೆ, ಗುಳ್ಳೆ ಇಲ್ಲದ, ಹಲ್ಲು ಚಳಿತು ಹೋಗುವಷ್ಟು ಹುಳಿಯ ತೆಳು ವೈನ್. 2009ರ ವಸಂತದಲ್ಲಿ ಅದಕ್ಕೆ ಲೀಟರಿಗೆ 24 ಗ್ರಾಂ ಆಸುಪಾಸು ಸಕ್ಕರೆ, ಒಂದಿಷ್ಟು ಯೀಸ್ಟ್ ಸೇರಿಸಿ ಬಾಟಲಿಗೆ ತುಂಬಿ ಮುಚ್ಚಳ ಜಡಿದರು. ಒಳಗೆ ಎರಡನೆಯ ಸಲ ಹುದುಗು ಬಂತು. ಹುದುಗಿನ ಅನಿಲ ಹೋಗಲು ದಾರಿಯಿಲ್ಲದೆ ವೈನಿನಲ್ಲೇ ಕರಗಿ ಆರು ವಾತಾವರಣದಷ್ಟು ಒತ್ತಡವಾಯಿತು. ಆರೆಂಟು ವಾರಗಳಲ್ಲಿ ಸಕ್ಕರೆ ಮುಗಿಯಿತು, ತಿನ್ನಲು ಏನೂ ಉಳಿಯದೆ ಯೀಸ್ಟ್ ಸತ್ತಿತು. ಜಗತ್ತು ಶಾಂಪೇನ್ ಎಂದು ಕುಣಿದಾಡುವ ಗುಳ್ಳೆಯ ಕಥೆ ಇಷ್ಟಕ್ಕೇ ಮುಗಿದುಹೋಯಿತು.

ಈ ಬಾಟಲಿಯ ನಿಜವಾದ ಕಥೆ ಶುರುವಾಗುವುದು ಆಮೇಲೆ. ಸತ್ತ ಯೀಸ್ಟ್ ಬಾಟಲಿಯ ಹೊಟ್ಟೆಗುಂಟ ತೆಳು ಗಸಿಯಾಗಿ ಕೂರುತ್ತದೆ. ಅದರ ಜೀವಕೋಶ ತನ್ನೊಳಗಿನ ಕಿಣ್ವಗಳಿಂದಲೇ ಮೆಲ್ಲಮೆಲ್ಲನೆ ಕರಗಿ ವೈನಿಗೆ ಸೇರತೊಡಗುತ್ತದೆ. ಸುಟ್ಟ ಬ್ರೆಡ್ಡಿನ, ಬೆಣ್ಣೆಯ ಪರಿಮಳ, ನಾಲಿಗೆಗೆ ಹತ್ತುವ ದಪ್ಪ ಎಲ್ಲವೂ ಈ ಸಾವಿನ ಕೊಡುಗೆ. ಕಾನೂನಿಗೆ ಸಾಮಾನ್ಯ ಶಾಂಪೇನಾದರೆ 15 ತಿಂಗಳು, ವರ್ಷದ ಹೆಸರು ಹೊತ್ತದ್ದಾದರೆ ಮೂರು ವರ್ಷ ಕಾದರೆ ಸಾಕು. ಇವರು ಅದಕ್ಕೆ ಐದು ಪಟ್ಟು ಕಾದಿದ್ದಾರೆ.

“ಬ್ಯಾಂಕಿನವರಿಗೆ ತಿಳೀವಲ್ದು ಅಂತಾರ ನೋಡ್ರಿ ಇವರು,” ಎಂದು ಹುಡುಗಿ ನಗುತ್ತಾಳೆ. “ಮಾಲು ಐತಿ, ಮಾರವಲ್ರಿ, ಹಿಂಗಾದ್ರ ಹೆಂಗ ಅಂತ ಕೇಳತಾರಂತ.”

ಮೂಲೆಯಲ್ಲಿ ಎರಡು ಹಲಗೆಗಳನ್ನು ತಲೆಗೆ ತಲೆ ಆನಿಸಿ ನಿಲ್ಲಿಸಿದ ಮರದ ಚೌಕಟ್ಟು. ಒಂದೊಂದು ಹಲಗೆಗೂ 60 ತೂತು, ತೂತಿಗೊಂದು ಬಾಟಲಿ, ತಲೆ ಕೆಳಗೆ. ದಿನಕ್ಕಿಷ್ಟು ತಿರುಗಿಸಿ, ಇಷ್ಟು ಓರೆ ಹೆಚ್ಚಿಸಿ, ನಾಲ್ಕಾರು ವಾರದಲ್ಲಿ ಗಸಿಯನ್ನೆಲ್ಲ ಬಾಯಿಗೆ ಇಳಿಸುವುದು ಇದರ ಕೆಲಸ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವಿಧವೆ ಕ್ಲಿಕೋ ಅವರ ಮಾಳಿಗೆಯಲ್ಲಿ ಹುಟ್ಟಿದ ಉಪಾಯ. ಈಗ ಇದೇ ಕೆಲಸವನ್ನು ಯಂತ್ರದ ಪಂಜರ ಒಂದು ವಾರದಲ್ಲಿ ಮುಗಿಸುತ್ತದೆ. ರುಚಿಯಲ್ಲಿ ವ್ಯತ್ಯಾಸ ಕಂಡುಹಿಡಿದೆ ಎನ್ನುವವರ ಮಾತನ್ನು ನಾನಂತೂ ನಂಬುವುದಿಲ್ಲ. ಯಜಮಾನರಿಗೆ ಮಾತ್ರ ಕೈಯೇ ಬೇಕು. ಎರಡೂ ಕೈ ಏಕಕಾಲಕ್ಕೆ ಎರಡು ಬಾಟಲಿಯ ತಳ ಹಿಡಿದು ಟಕ್ಕನೆ ಅಲುಗಿಸಿ ತಿರುಗಿಸಿ ಬಿಡುತ್ತವೆ, ಕಣ್ಣು ಬೇರೆಲ್ಲೋ ಇರುತ್ತದೆ.

ಅವರು ಒಂದು ಬಾಟಲಿಯನ್ನು ಹಾಗೇ ತಲೆಕೆಳಗಾಗಿ ತೆಗೆದು ದೀಪದ ಮುಂದೆ ಹಿಡಿಯುತ್ತಾರೆ. ನೋಡಿ: ಮೇಲೆಲ್ಲ ತಿಳಿ ಹೊನ್ನು. ಬಾಯಿಯ ಹತ್ತಿರ, ಮುಚ್ಚಳದ ಒಳಗಡೆ, ಬೆರಳುಗುರಿನಷ್ಟು ಕಂದು ಗಸಿ. ಆಮೇಲೆ ಎಲ್ಲ ಕ್ಷಣಾರ್ಧದಲ್ಲಿ. ಎಡಗೈ ಬಾಟಲಿಯನ್ನು ಮೊಣಕೈಗೆ ಆನಿಸಿ ಮೇಲೆತ್ತುತ್ತ ಬರುತ್ತದೆ, ಬಲಗೈಯ ಕೀಲಿ ಮುಚ್ಚಳಕ್ಕೆ ಸಿಗುತ್ತದೆ, ಒಳಗಿನ ಗಾಳಿಯ ಗುಳ್ಳೆ ಕತ್ತಿನತ್ತ ಏರುವ ಆ ಗಳಿಗೆಗೇ ಸರಿಯಾಗಿ ಢಬ್! ಗಸಿ ಎದುರಿನ ಪೀಪಾಯಿಯೊಳಗೆ ಹಾರಿಹೋಯಿತು. ಹೆಬ್ಬೆರಳು ಬಾಟಲಿಯ ಬಾಯಿ ಮುಚ್ಚಿತು. ಹೋದದ್ದು ಎರಡು ಗುಟುಕು ವೈನ್ ಅಷ್ಟೇ. ಗಳಿಗೆ ಮುಂದಾದರೆ ಅರ್ಧ ಬಾಟಲಿ ನೆಲಕ್ಕೆ, ಹಿಂದಾದರೆ ಗಸಿ ಮತ್ತೆ ವೈನಿಗೆ. ದೊಡ್ಡ ಕಂಪನಿಗಳು ಬಾಟಲಿಯ ಕತ್ತನ್ನು ಸೊನ್ನೆಗಿಂತ 27 ಡಿಗ್ರಿ ಕೆಳಗಿನ ಉಪ್ಪುನೀರಿನಲ್ಲಿ ಅದ್ದಿ, ಗಸಿಯನ್ನು ಮಂಜುಗಡ್ಡೆ ಮಾಡಿ ತೆಗೆಯುತ್ತವೆ.

ಲೋಟ ಕೈಗೆ ಬರುತ್ತದೆ. ಸಿನಿಮಾದಲ್ಲಿ ನೋಡುವ ಉದ್ದ ಕೊಳವೆಯಂಥದ್ದಲ್ಲ. ಹೊಟ್ಟೆ ಅಗಲ, ಬಾಯಿ ಕಿರಿದು. ಮೂರನೇ ಒಂದು ಭಾಗಕ್ಕಷ್ಟೇ ಸುರಿದಿದ್ದಾರೆ. ನೊರೆ ಏರಿ ತಟ್ಟನೆ ಇಳಿಯುತ್ತದೆ. ಬಣ್ಣ ನೀವು ಎಣಿಸಿದಷ್ಟು ಹಳತಲ್ಲ, ಹಸಿರು ಮಿಂಚು ಇನ್ನೂ ಇದೆ. ಗುಳ್ಳೆಗಳು ಸಣ್ಣವು, ನೂಲಿನಂತೆ ಎರಡು ಮೂರು ಕಡೆಯಿಂದ ಏಳುತ್ತಿವೆ. ಅವು ಏಳುವ ಜಾಗದಲ್ಲಿ ಏನಿದೆ ಗೊತ್ತೆ? ಲೋಟ ಒರೆಸಿದ ಬಟ್ಟೆಯ ಎಳೆ, ಇಲ್ಲವೇ ಗಾಳಿಯಲ್ಲಿ ತೇಲಿ ಬಂದ ಧೂಳಿನ ನಾರು. ರೀಮ್ಸ್ ವಿಶ್ವವಿದ್ಯಾಲಯದ ಜೆರಾರ್ ಲಿಜೇ ಬೆಲೇರ್ ಎಂಬ ಭೌತವಿಜ್ಞಾನಿ ಈ ಗುಳ್ಳೆಗಳ ಹಿಂದೆಯೇ ಬಿದ್ದು ಲೆಕ್ಕ ಹಾಕಿದ್ದಾರೆ. ಆ ಟೊಳ್ಳು ನಾರಿನೊಳಗೆ ಸಿಕ್ಕ ಗಾಳಿಯೇ ಗುಳ್ಳೆಯ ತವರು. ಚೊಕ್ಕಟ ನುಣುಪಾದ ಲೋಟದಲ್ಲಿ ಗುಳ್ಳೆ ಹುಟ್ಟುವುದೇ ಇಲ್ಲ. ನೀವು ಕುಡಿಯದೆ ಸುಮ್ಮನೆ ಕೂತರೆ ಒಂದು ಲೋಟದಿಂದ ಸುಮಾರು ಹತ್ತು ಲಕ್ಷ ಗುಳ್ಳೆ ಎದ್ದು ಹೋಗುತ್ತವಂತೆ. ವೈನ್ ಹಳತಾದಷ್ಟೂ ಮುಚ್ಚಳದ ಸಂದಿಯಿಂದ ಅನಿಲ ಅಷ್ಟಿಷ್ಟು ಸೋರಿ ಗುಳ್ಳೆ ಚಿಕ್ಕದಾಗುತ್ತದೆ. ಮೇಲೆ ಬಂದು ಒಡೆಯುವಾಗ ಒಂದೊಂದೂ ಸಣ್ಣ ಹನಿಯನ್ನು ಚಿಮ್ಮಿಸಿ ಪರಿಮಳವನ್ನು ಮೂಗಿನತ್ತ ಎಸೆಯುತ್ತದೆ. ಗುಳ್ಳೆಯಿಂದ ಆಗುವ ನಿಜವಾದ ಉಪಕಾರ ಇದೇ. 1967ರ ಲ ಮಾನ್ಸ್ ಕಾರು ಓಟ ಗೆದ್ದ ಡ್ಯಾನ್ ಗರ್ನಿ ಶಾಂಪೇನ್ ಬಾಟಲಿ ಅಲುಗಿಸಿ ಜನರ ಮೇಲೆ ಎರಚಿದಂದಿನಿಂದ ಅದೊಂದು ಶಾಸ್ತ್ರವಾಗಿಬಿಟ್ಟಿದೆ. ಈ ಮಾಳಿಗೆಯಲ್ಲಿ ನಿಂತು ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಮೂಸಿ. ಮೊದಲಿಗೆ ಗೀರಿದ ಬೆಂಕಿಕಡ್ಡಿಯ ವಾಸನೆ. ಗಾಬರಿ ಬೇಡ. ಇಷ್ಟು ವರ್ಷ ಉಸಿರಾಡದ ವೈನು ಬಾಯಿ ತೆರೆದಾಗ ಹಾಗೇ. ಲೋಟವನ್ನು ಒಂದೆರಡು ಸುತ್ತು ತಿರುಗಿಸಿ, ನಿಮಿಷ ಬಿಡಿ. ಈಗ? ಗಜನಿಂಬೆಯ ಸಿಪ್ಪೆಯನ್ನು ಬೆರಳಲ್ಲಿ ಹಿಸುಕಿದಾಗ ಸಿಡಿಯುವ ಎಣ್ಣೆಯ ಘಮ. ಅದರ ಬೆನ್ನಿಗೆ ಹಸಿರು ಸೇಬು. ಇನ್ನೂ ತಡೆದರೆ, ಈಗಷ್ಟೇ ಒಲೆಯಿಂದ ತೆಗೆದ ಬ್ರೆಡ್ಡಿನ ಕಂದು ಅಂಚು. ಅದಕ್ಕೂ ಕೆಳಗೆ ಒದ್ದೆ ಗೋಡೆಯದೇ ವಾಸನೆ. ಅದು ಲೋಟದಿಂದ ಬಂತೋ ಮಾಳಿಗೆಯಿಂದ ಬಂತೋ ಎಂದು ಪ್ರಮಾಣ ಮಾಡಿ ಹೇಳಲಾರಿರಿ.

“ನುಂಗಬ್ಯಾಡ್ರಿ, ಬಾಯಾಗ ತಿರುವಿ ಉಗುಳ್ರಿ. ಇನ್ನಾ ಮೂರು ಅದಾವ.”

ನಾಲಿಗೆಗೆ ಬಿದ್ದ ಕೂಡಲೇ ಹುಳಿ. ದವಡೆಯ ಮೂಲೆಗಳು ಜುಮ್ಮೆಂದು ಬಾಯಿ ತುಂಬ ನೀರು. ಸಿಹಿ ಎಳ್ಳಷ್ಟೂ ಇಲ್ಲ. ಇನ್ನೇನು ಮುಖ ಕಿವುಚಬೇಕು ಎನ್ನುವಾಗ ಆ ಹುಳಿಯ ಕೆಳಗೆ ಏನೋ ಹಾಸಿದಂತೆ ಮೆದುವಾದ ದಪ್ಪ ತಿಳಿಯುತ್ತದೆ. ಕೆನೆಯಲ್ಲ, ಎಣ್ಣೆಯಲ್ಲ. ಆ ಸತ್ತ ಯೀಸ್ಟು ಇಷ್ಟು ಕಾಲ ಕರಗಿ ಕೊಟ್ಟದ್ದು ಅದು. ಗುಳ್ಳೆ ಚುಚ್ಚುವುದಿಲ್ಲ, ಬಂದ ಹಾಗೇ ಕರಗುತ್ತದೆ. ಉಗುಳಿದ ಮೇಲೂ ರುಚಿ ಹೋಗುವುದಿಲ್ಲ. ನಿಂಬೆ ಹೋಯಿತು, ಬ್ರೆಡ್ಡು ಹೋಯಿತು, ಕೊನೆಗೆ ಉಪ್ಪು ಉಪ್ಪಾದ ಒಂದು ಒಗರು ಗಂಟಲಲ್ಲೇ ನಿಂತಿದೆ. ಸೀಮೆಸುಣ್ಣ ಎಂದು ಅವರು ಹೇಳುವುದು ಇದನ್ನೇ ಇರಬೇಕು.

“ನಮ್ಮ ಅಪ್ಪಗ ಇದನ್ನ ಕೊಟ್ರ ಕಾಯಿ ಹಣ್ಣಾಗಿಲ್ಲ ಅಂತಾನ್ರಿ,” ಎನ್ನುತ್ತಾಳೆ ಆಕೆ. “ಹುಳಿ ಅಂದ್ರ ನಮ್ಮ ಕಡೆ ವ್ಯಾಪಾರಿ ತಕ್ಕಡಿಗೇ ಹಾಕಂಗಿಲ್ಲ.”

ಅವಳ ಮಾತಿನಲ್ಲಿ ಇಡೀ ಭೂಗೋಳವೇ ಇದೆ. ಇಲ್ಲಿಯ ಅಕ್ಷಾಂಶ 49 ಡಿಗ್ರಿಯ ಆಸುಪಾಸು, ವರ್ಷದ ಸರಾಸರಿ ಉಷ್ಣತೆ 11 ಡಿಗ್ರಿ. ದ್ರಾಕ್ಷಿ ಹಣ್ಣಾಗುವ ಸೀಮೆಯ ಬಡಗಣ ಗಡಿಗೆ ಹತ್ತಿರ ಎಂದರೂ ಆದೀತು. ಬಿಸಿ ರಾತ್ರಿಗಳಲ್ಲಿ ಹಣ್ಣು ತನ್ನೊಳಗಿನ ಮ್ಯಾಲಿಕ್ ಆಮ್ಲವನ್ನು ಉಸಿರಾಡುತ್ತಲೇ ಸುಟ್ಟುಕೊಳ್ಳುತ್ತದೆ. ತಂಪು ರಾತ್ರಿಗಳಲ್ಲಿ ಅದು ಉಳಿಯುತ್ತದೆ. ವಿಜಯಪುರದ ದ್ರಾಕ್ಷಿ ಸಿಹಿಯಾಗುವುದಕ್ಕೂ ಲ ಮೆನಿಲ್‌ನದು ಹುಳಿಯುಳಿಸಿಕೊಳ್ಳುವುದಕ್ಕೂ ಕಾರಣ ಇದೇ. ತಾಜಾ ತಿನ್ನುವುದಕ್ಕೆ ಈ ಹುಳಿ ದೋಷ. ಹದಿನೈದು ವರ್ಷ ಇಡುವುದಕ್ಕೆ ಇದೇ ಬಂಡವಾಳ, ಇದಿಲ್ಲದ ವೈನ್ ಅಷ್ಟರಲ್ಲಿ ಸಪ್ಪೆಯಾಗಿ ಸತ್ತಿರುತ್ತಿತ್ತು. ನಮ್ಮ ನಂದಿ ಬೆಟ್ಟದ ತಪ್ಪಲಿನಲ್ಲಿ ಫ್ರೆಂಚ್ ದ್ರಾಕ್ಷಿ ಬೆಳೆಸಿ ನೋಡಲು 1980ರ ದಶಕದಲ್ಲಿ ಕನ್ವಲ್ ಗ್ರೋವರ್ ಹೊರಟಾಗ ಜೊತೆಗೆ ಬಂದವರು ಇದೇ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್. ಬೆಟ್ಟದ ಸೀಮೆಯ ತಂಪು ರಾತ್ರಿಗೆ ಅವರ ಲೆಕ್ಕದಲ್ಲಿ ಎಷ್ಟು ಬೆಲೆಯಿತ್ತು ಎಂಬುದು ಈ ಲೋಟ ಹಿಡಿದಾಗ ಅರ್ಥವಾಗುತ್ತದೆ.

ಈಗ ಇವತ್ತಿನ ಕೆಲಸ. ಪೀಪಾಯಿಯ ಮೇಲೆ ಹಾಸಿದ ಹಲಗೆಗೆ ಮೂರು ಲೋಟ ಬರುತ್ತವೆ. ಮೂರೂ ಅದೇ 2008. ಗಸಿ ತೆಗೆದದ್ದು ಕೆಲವು ವಾರದ ಹಿಂದೆ, ಏಕೆಂದರೆ ಹಾಕಿದ ಸಕ್ಕರೆ ವೈನಿಗೆ ಹೊಂದಿಕೊಳ್ಳಲು ಸಮಯ ಬೇಕು. ಕಬ್ಬಿನ ಸಕ್ಕರೆಯನ್ನು ಅದೇ ವೈನಿನಲ್ಲಿ ಲೀಟರಿಗೆ 500 ಗ್ರಾಂನಂತೆ ಕರಗಿಸಿ ಪಾಕ ಮಾಡಿಟ್ಟುಕೊಂಡಿದ್ದಾರೆ. ಒಂದು ಬಾಟಲಿಗೆ ಏನೂ ಹಾಕಿಲ್ಲ. ಒಂದಕ್ಕೆ ಆ ಪಾಕ ಮೂರು ಮಿಲಿಲೀಟರ್, ಅಂದರೆ ಲೀಟರಿಗೆ ಎರಡು ಗ್ರಾಂ ಸಕ್ಕರೆ. ಇನ್ನೊಂದಕ್ಕೆ ಆರು, ಅಂದರೆ ನಾಲ್ಕು ಗ್ರಾಂ. ಯಾವ ಲೋಟದಲ್ಲಿ ಯಾವುದು ಎಂದು ಲೋಟದ ಅಡಿಯಲ್ಲಿ ಚೀಟಿ ಅಂಟಿಸಿದ್ದಾರೆ. ತಿರುಗಿಸಿ ನೋಡುವಂತಿಲ್ಲ.

ನಾಲ್ಕು ಗ್ರಾಂ ಎಂದರೆ ಒಂದು ಚಮಚವೂ ಸರಿಯಾಗಿ ತುಂಬದು. ಇದಕ್ಕೆ ಇಷ್ಟು ರಾದ್ಧಾಂತವೇ ಎನಿಸಿದರೆ ಹಳೆಯ ಕಾಲ ನೆನೆಯಬೇಕು. 2010ರಲ್ಲಿ ಬಾಲ್ಟಿಕ್ ಸಮುದ್ರದ ಆಲಂಡ್ ದ್ವೀಪಗಳ ಬಳಿ ಮುಳುಗಿದ ಹಡಗೊಂದರಲ್ಲಿ ಹತ್ತೊಂಬತ್ತನೆಯ ಶತಮಾನದ 168 ಬಾಟಲಿ ಶಾಂಪೇನ್ ಸಿಕ್ಕಿತು. ಪರೀಕ್ಷಿಸಿದಾಗ ಲೀಟರಿಗೆ 140 ಗ್ರಾಂಗೂ ಮೀರಿದ ಸಕ್ಕರೆ! ಅಂದಿನ ರಷ್ಯನ್ನರಿಗೆ ಅದೂ ಸಾಲದಾಗಿತ್ತು. ಸಿಹಿ ತಗ್ಗಿಸಿದವರು ಇಂಗ್ಲೆಂಡಿನ ಗಿರಾಕಿಗಳು. ಅವರ ನಾಲಿಗೆ ಬಲ್ಲ ಮದಾಮ್ ಪೊಮ್ಮೆರಿ 1874ರ ಸುಗ್ಗಿಯಿಂದ ಬ್ರ್ಯೂಟ್ ಎಂಬ ಒಣ ಶಾಂಪೇನ್ ಮಾಡಿ ಗೆದ್ದರು. ಇಂದು ಬ್ರ್ಯೂಟ್ ಎನ್ನಿಸಿಕೊಳ್ಳಲು ಸಕ್ಕರೆ 12 ಗ್ರಾಂಗಿಂತ ಕಡಿಮೆ ಇರಬೇಕು, ಆರರ ಒಳಗಾದರೆ ಎಕ್ಸ್‌ಟ್ರಾ ಬ್ರ್ಯೂಟ್. ಸಕ್ಕರೆ ಬಹಳ ತಪ್ಪು ಮುಚ್ಚುತ್ತದೆ. ಹುಳಿ ಹಣ್ಣು, ಅವಸರದ ಬಾಟಲಿ, ದುರ್ಬಲ ವರ್ಷ, ಎಲ್ಲದಕ್ಕೂ ಅದೇ ಮದ್ದು. ಹಾಗಂತ ಸೊನ್ನೆ ಎಂಬುದೇ ದೊಡ್ಡಸ್ತಿಕೆ ಎಂದುಕೊಳ್ಳುವುದೂ ಈಚಿನ ಒಂದು ಹುಚ್ಚು. ಒಂದೆರಡು ಗ್ರಾಂ ಸಕ್ಕರೆ ಸಿಹಿಗಾಗಿ ಅಲ್ಲ; ಮುಂದಿನ ವರ್ಷಗಳಲ್ಲಿ ಸುಟ್ಟ ಬೀಜದ, ಜೇನಿನ ಪರಿಮಳ ಹುಟ್ಟುವಲ್ಲಿ ಅದರದ್ದೂ ಪಾತ್ರವಿದೆ.

ಎಡಗಡೆಯ ಲೋಟ. ಮೂಗಿಗೆ ಮೂರರಲ್ಲೂ ಹೆಚ್ಚು ಸೊಗಸು ಇದರದು. ಬಿಳಿ ಹೂವು, ಹುರಿದ ಹೇಝಲ್‌ನಟ್, ಮಾಗಿದ ನಿಂಬೆ. ಬಾಯಲ್ಲಿ ಹುಳಿ ಬಂತು, ಆದರೆ ಮೂಲೆಗಳೆಲ್ಲ ಉಜ್ಜಿ ನುಣುಪಾಗಿವೆ. ಯಾರಿಗೆ ಕೊಟ್ಟರೂ ಬೇಡ ಎನ್ನರು. ರುಚಿ ಮಾತ್ರ ಕೊಂಚ ಬೇಗ ಮುಗಿಯಿತು ಅನಿಸುತ್ತದೆ.

ನಡುವಿನದು. ಮೂಗಿಗೆ ಮೊದಲು ಏನೂ ಕೊಡುವುದಿಲ್ಲ, ಗುಮ್ಮನೆ ಕೂತಿದೆ. ಲೋಟವನ್ನು ಅಂಗೈಯಲ್ಲಿ ಹಿಡಿದು ಚೂರು ಬೆಚ್ಚಗೆ ಮಾಡಿದರೆ ನಿಂಬೆ, ಆಮೇಲೆ ಬ್ರೆಡ್ಡು, ಮತ್ತೆ ಆ ಒದ್ದೆ ಕಲ್ಲು. ಬಾಯಲ್ಲಿ ನೇರ. ನಾಲಿಗೆಯ ತುದಿಯಿಂದ ಗಂಟಲವರೆಗೆ ಒಂದೇ ಗೆರೆಯಲ್ಲಿ ಹೋಗಿ, ಹೋದ ಮೇಲೂ ಹೋಗುತ್ತಲೇ ಇದೆ. ಇದನ್ನು ನೀವು ಉಗುಳುವುದಿಲ್ಲ.

ಬಲಗಡೆಯದು ಇವೆರಡರ ಮಧ್ಯದ ಹಾದಿ. ಒಳ್ಳೆಯ ವೈನ್, ತಕರಾರಿಲ್ಲ. ಮತ್ತೆ ನಡುವಿನದಕ್ಕೇ ಕೈ ಹೋಗುತ್ತದೆ.

ಹುಡುಗಿಗೆ ಎಡಗಡೆಯದೇ ಬೇಕು. “ಇದನ್ನ ಊಟದ ಮುಂದ ಕುಡೀಬಹುದ್ರಿ. ನಿಮ್ದನ್ನ ಕುಡಿದ್ರ ಪರೀಕ್ಷಾ ಬರದಂಗ ಆಗ್ತದ.” ಯಜಮಾನರು ಬಾಯಿ ಬಿಡುವುದಿಲ್ಲ. ಪೀಪಾಯಿಯ ಮುಖದ ಮೇಲೆ ಸೀಮೆಸುಣ್ಣದಲ್ಲಿ ಎಡಕ್ಕೊಂದು, ನಡುವಿಗೊಂದು ಗೆರೆ ಎಳೆಯುತ್ತಾರೆ. ತಮ್ಮ ಗೆರೆಯನ್ನು ಬಲಕ್ಕೆ ಎಳೆದು ಮೇಲೆ ನೋಡುತ್ತಾರೆ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಊಟಕ್ಕೆ ಕರೆಯಲು ಮನೆಯಾಕೆ ಬಂದಿದ್ದಾರೆ, ಅಡುಗೆಮನೆಯ ಏಪ್ರನ್ನು ಇನ್ನೂ ಕಟ್ಟಿಕೊಂಡೇ ಇದ್ದಾರೆ. ಲೋಟಗಳನ್ನು ನೋಡಿ ಏನೂ ಕೇಳದೆ ಮೂರನ್ನೂ ಒಂದೊಂದಾಗಿ ಮೂಸುತ್ತಾರೆ, ಒಂದೊಂದು ಗುಟುಕು ಬಾಯಿಗೆ, ಒಂದೊಂದು ಸಲ ಬಕೆಟ್ಟಿಗೆ. ನಡುವಿನದನ್ನು ಬೆರಳಿಂದ ತಟ್ಟಿ, ಸೂಪು ಆರುತ್ತದೆ ಎಂದು ಹೇಳಿ ಹತ್ತಿಯೇಬಿಡುತ್ತಾರೆ.

ಯಜಮಾನರು ಲೋಟ ತಿರುಗಿಸುತ್ತಾರೆ. ಚೀಟಿಯಲ್ಲಿ ಸೊನ್ನೆ. ಎಡಗಡೆಯದು ನಾಲ್ಕು, ಅವರು ಆರಿಸಿದ್ದು ಎರಡು. ಟೋಪಿ ತೆಗೆದು ತಲೆ ಕೆರೆದುಕೊಂಡು ಉದ್ದಕ್ಕೆ ಏನೋ ಹೇಳುತ್ತಾರೆ. ಹುಡುಗಿ ಕೇಳಿಸಿಕೊಂಡು ಮುಗುಳ್ನಗುತ್ತಾಳೆ.

“ಸೊನ್ನಿ ಆದ್ರ ಮಾರೂದು ತ್ರಾಸ ಅಂತಾರ. ಗಿರಾಕಿಗೆ ಈಗಿಂದೀಗ ಹಿಡಸಬೇಕು, ಹತ್ತ ವರ್ಷ ಬಿಟ್ಟ ಅಲ್ಲ. ಆದ್ರ ಅಕ್ಕಾರ ಹೇಳಿದ್ದನ್ನ ದಾಟಿ ಈ ಮನ್ಯಾಗ ಬಾಟಲಿ ಹೊರಗ ಹೋಗಿಲ್ಲಂತ.”

“ಹಾಗಾದರೆ?”

“ಒಂದ ಗ್ರಾಂ ಹಾಕಿ ಮತ್ತೊಂದ ಸಲ ನೋಡೂಣು ಅಂತಾರ. ಒಂದೂವರೆ ಮಿಲಿ ಅಳೀಬೇಕು. ಆ ಕಪಾಟಿನಾಗಿನ ಪಿಪೆಟ್ ಒಂಚೂರ ಕೊಡ್ರಿ ಇಲ್ಲೆ.”